ಪಿಸ್ತೂಲಿನ ಕುದುರೆಯೂ ಐನೂರು ಗ್ರಾಂ ತೂಕವೂ

ನಮ್ಮ ವಾಚನಾಲಯಕ್ಕೆ ಪಾಳಿ ಮುಗಿಸಿ ಸಂಜೆ ಪತ್ರಿಕೆ ಓದಲು ಬರುವ ಹಿರಿಯ ಸದಸ್ಯರೊಬ್ಬರು ಕಳೆದ ಮಳೆಗಾಲದ ಕೊನೆಯಲ್ಲಿ ನಮ್ಮ ಮೇಜಿನ ಬಳಿ ನಿಂತು ಕೇಳಿದ ಪ್ರಶ್ನೆಯಿಂದ ಈ ಲೇಖನ ಹುಟ್ಟಿತು. "ಏನ್ರೀ, ನಿಮ್ಮ ಗಿರಣ್ಯಾಗ ಬರೋಬರಿ ಐನೂರು ಗ್ರಾಂ ತೂಕದ ಕಲ್ಲು ಸಿಗ್ತದೇನ್ರೀ?" ಎಂದರು. ಯಾಕೆಂದು ಕೇಳಿದೆವು. ಆಗ ಕುಳಿತು ಎಲ್ಲವನ್ನೂ ಹೇಳಿದರು.

ಅವರ ಮಗಳು ಹತ್ತನೆಯ ಇಯತ್ತೆ. ಎರಡು ವರ್ಷದಿಂದ ಗಾಳಿ ಪಿಸ್ತೂಲಿನ ಗುರಿಯಾಟ ಕಲಿಯುತ್ತಿದ್ದಾಳೆ. ಒಂದು ಸ್ಪರ್ಧೆಯ ದಿನ ಡೊಂಬಿವಲಿಯಲ್ಲಿ ಲೋಕಲ್ ತಡವಾಗಿ, ತಂದೆ ಮಗಳು ಓಡುತ್ತ ಓಡುತ್ತ ಮೈದಾನ ಸೇರಿದರು. ಬಾಗಿಲಲ್ಲಿ ಸಲಕರಣೆ ಪರೀಕ್ಷೆಯ ಮೇಜು ಇತ್ತು. ಅಲ್ಲಿ ನಿಲ್ಲಲು ವ್ಯವಧಾನವಾಗಲಿಲ್ಲ. ಆ ದಿನ ಹುಡುಗಿ ಹಿಂದೆಂದೂ ಹೊಡೆಯದಷ್ಟು ಚೆನ್ನಾಗಿ ಹೊಡೆದಳು. ಕೊನೆಯ ಗುಂಡು ಹೊಡೆದಾದ ಮೇಲೆ ಚೀಟಿ ಎತ್ತಿ ಕೆಲವರ ಪಿಸ್ತೂಲು ಪರೀಕ್ಷಿಸುವ ಪದ್ಧತಿಯುಂಟು. ಚೀಟಿಯಲ್ಲಿ ಅವಳ ಹೆಸರೇ ಬಂತು. ಐನೂರು ಗ್ರಾಂ ತೂಕವನ್ನು ಅವಳ ಪಿಸ್ತೂಲಿನ ಕುದುರೆ ಎತ್ತಲಿಲ್ಲ. ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿದರು. ಮರುದಿನ ಚಾಳಿನಲ್ಲಿ ಒಂದಿಬ್ಬರು "ಪಿಸ್ತೂಲಿನಲ್ಲಿ ಏನೋ ಕೈಚಳಕ ಮಾಡಿದ್ದರಂತೆ" ಎಂದು ಆಡಿಕೊಂಡರು. ಆ ಮಾತು ತಂದೆಯ ಎದೆಗೆ ನಾಟಿತ್ತು. "ಸ್ಪ್ರಿಂಗು ಮುಟ್ಟಿಲ್ಲರೀ. ಬೆರಳಿಡುವ ತಗಡು ಒಂದನ್ನ ಬದಲು ಮಾಡೇವಿ. ತೂಕ ಹ್ಯಾಂಗ ಕಡಿಮಿ ಆತು?" ಎಂಬುದೇ ಅವರ ಪ್ರಶ್ನೆ.

ಪ್ರಶ್ನೆ ಚೆನ್ನಾಗಿತ್ತು. ನಮಗೂ ಉತ್ತರ ತಿಳಿದಿರಲಿಲ್ಲ. ಬಲ್ಲವರನ್ನು ಕೇಳಿ, ನಿಯಮದ ಪುಸ್ತಕ ತಿರುವಿ ಹಾಕಿ, ಕಾಗದದ ಮೇಲೆ ಲೆಕ್ಕ ಮಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ. ಠಾಣೆ, ಕಲ್ಯಾಣ, ನವೀ ಮುಂಬಯಿಗಳಲ್ಲಿ ಈ ಆಟಕ್ಕೆ ಮಕ್ಕಳನ್ನು ಕಳಿಸುವ ಮನೆಗಳು ಈಗ ನಮ್ಮವರಲ್ಲಿಯೂ ಇವೆ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಶ್ರೀಮತಿ ಸುಮಾ ಶಿರೂರ್ ಅವರು 2004ರಲ್ಲಿ ಕೌಲಾಲಂಪುರದ ಏಷ್ಯನ್ ಸ್ಪರ್ಧೆಯಲ್ಲಿ ಗಾಳಿ ರೈಫಲಿನಿಂದ 400ಕ್ಕೆ 400 ಅಂಕ ಪಡೆದು ವಿಶ್ವದಾಖಲೆಯನ್ನು ಸರಿಗಟ್ಟಿದವರು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಕಿನಲ್ಲಿ ಅಂತಿಮ ಸುತ್ತು ತಲುಪಿದವರು. ಅವರು 2006ರಲ್ಲಿ ಆರಂಭಿಸಿದ ಲಕ್ಷ್ಯ ಶೂಟಿಂಗ್ ಕ್ಲಬ್ಬು ನಮ್ಮ ಪಕ್ಕದ ಪನವೇಲಿನದು. ಪಿಸ್ತೂಲಿನಲ್ಲಿಯಾದರೆ ಬೆಂಗಳೂರಿನ ದಿವ್ಯಾ ಟಿ.ಎಸ್. ಅವರು 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಸರಬ್‌ಜೋತ್ ಸಿಂಗರ ಜೊತೆ ಬೆಳ್ಳಿ ಗೆದ್ದರು. ಪತ್ರಿಕೆಯಲ್ಲಿ ಇಂಥ ಚಿತ್ರ ಕಂಡ ಮಕ್ಕಳು ಸುಮ್ಮನಿರುತ್ತಾರೆಯೇ?

ಮೊದಲು ಹೆಸರಿನ ಮಾತು. ಮಲೆನಾಡಿನ ಬೇಟೆಗಾರರು ಬಂದೂಕದ ಬೆರಳೆಳೆತಕ್ಕೆ 'ಕುದುರೆ' ಎನ್ನುತ್ತಿದ್ದರು. ಗುರಿಯಾಟದ ಮೈದಾನದಲ್ಲಿ ಎಲ್ಲರೂ ಟ್ರಿಗರ್ ಎಂದೇ ಅನ್ನುತ್ತಾರೆ. ನಾವು ಎರಡನ್ನೂ ಬಳಸುತ್ತೇವೆ, ವಾಚಕರು ಮನ್ನಿಸಬೇಕು.

ಹತ್ತು ಮೀಟರ್ ಗಾಳಿ ಪಿಸ್ತೂಲಿನ ಆಟವೆಂದರೆ, ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು 75 ನಿಮಿಷದಲ್ಲಿ 60 ಗುಂಡು ಹೊಡೆಯುವುದು. ಗುಂಡು 4.5 ಮಿ.ಮೀ. ಸೀಸದ್ದು, ಅದಕ್ಕೆ ಪೆಲೆಟ್ಟು ಎನ್ನುತ್ತಾರೆ. ಗುರಿಹಲಗೆಯ ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿ.ಮೀ., ಎಂದರೆ ನಮ್ಮ ಕಿರುಬೆರಳಿನ ಉಗುರಿನಷ್ಟು. ನೀಡಿದ ಕೈ ಎಷ್ಟೇ ಸ್ಥಿರವಾಗಿದ್ದರೂ ಸ್ವಲ್ಪ ಅಲುಗಿಯೇ ಅಲುಗುತ್ತದೆ. ಆ ಅಲುಗಾಟದಲ್ಲಿ ಕೆಡುವುದು ಸ್ವಲ್ಪವೇ. ಹೆಚ್ಚಾಗಿ ಕೆಡುವುದು ಬೆರಳು ಟ್ರಿಗರನ್ನು ಒತ್ತುವಾಗ ಪಿಸ್ತೂಲನ್ನೇ ಪಕ್ಕಕ್ಕೆ ತಳ್ಳುವುದರಿಂದ. ಆದುದರಿಂದ ಈ ಆಟದವರಿಗೆ ಟ್ರಿಗರಿನ ಮೇಲೆ ಇಷ್ಟು ವ್ಯಾಮೋಹ. ಅಂಗಡಿಯವರಿಗೂ ಅದು ಗೊತ್ತು.

ಟ್ರಿಗರಿನ ಒಳಗೆ ನಡೆಯುವುದೇನು? ಹಿಂದಕ್ಕೆಳೆದು ನಿಲ್ಲಿಸಿದ ಒಂದು ಚಿಕ್ಕ ಸುತ್ತಿಗೆಯನ್ನು ಒಂದು ಕೊಕ್ಕೆ ಹಿಡಿದಿಟ್ಟಿರುತ್ತದೆ. ಈ ಕೊಕ್ಕೆಗೆ ಸಿಯರ್ ಎಂದು ಹೆಸರು. ಬೆರಳು ಟ್ರಿಗರನ್ನು ಒತ್ತಿದಾಗ ಕೊಕ್ಕೆ ಜಾರಿ, ಸುತ್ತಿಗೆ ಬಿಟ್ಟು, ಗಾಳಿಯ ಕವಾಟಕ್ಕೆ ಬಡಿಯುತ್ತದೆ. ಗಾಳಿ ನುಗ್ಗಿ ಪೆಲೆಟ್ಟನ್ನು ತಳ್ಳುತ್ತದೆ. ಸ್ಪರ್ಧೆಯ ಪಿಸ್ತೂಲಿನಲ್ಲಿ ಬೆರಳಿನ ಪಯಣ ಎರಡು ಹಂತದ್ದು. ಮೊದಲ ಹಂತದಲ್ಲಿ ಟ್ರಿಗರ್ ಮೆಲ್ಲಗೆ ಹಿಂದೆ ಸರಿದು ಒಂದು ಗೋಡೆಗೆ ತಾಗಿದಂತೆ ನಿಲ್ಲುತ್ತದೆ. ಎರಡನೆಯ ಹಂತದಲ್ಲಿ ಇನ್ನೂ ಸ್ವಲ್ಪ ಭಾರ ಹಾಕಿದರೆ ಕೊಕ್ಕೆ ಬಿಡುತ್ತದೆ. ಬಾವಿಯ ಹಗ್ಗವನ್ನು ಸಡಿಲು ಮುಗಿಯುವ ತನಕ ಎಳೆದು, ಆಮೇಲೆ ಕೊಡ ಎತ್ತುವಂತೆ ಎಂದುಕೊಂಡರೆ ಸರಿಹೋಗುತ್ತದೆ. ಎರಡೂ ಹಂತ ಕೂಡಿದ ಭಾರ 500 ಗ್ರಾಮಿಗಿಂತ ಕಡಿಮೆಯಿರಕೂಡದು ಎಂದು ಅಂತರರಾಷ್ಟ್ರೀಯ ನಿಯಮ. ಇಷ್ಟರಲ್ಲಿ ಮೊದಲ ಹಂತಕ್ಕೆ ಹೆಚ್ಚು ಪಾಲು, ಎರಡನೆಯದಕ್ಕೆ ಕಡಿಮೆ ಪಾಲು ಇಟ್ಟುಕೊಳ್ಳುವುದು ಅನೇಕರ ರೂಢಿ. ಹಂಚಿಕೆ ಅವರವರ ಬೆರಳಿಗೆ ಬಿಟ್ಟದ್ದು. ಮೊತ್ತ ಮಾತ್ರ ನಿಯಮಕ್ಕೆ ಬಿಟ್ಟದ್ದು.

'ಹಗುರವಾದಷ್ಟೂ ಒಳ್ಳೆಯದು' ಎಂಬ ಮಾತು ಎಲ್ಲಿಂದ ಬಂತೆಂದರೆ, ಹಳೆಯ 50 ಮೀಟರ್ ಪಿಸ್ತೂಲಿನ ಆಟದಿಂದ. ಅದರಲ್ಲಿ ಟ್ರಿಗರಿಗೆ ಕನಿಷ್ಠ ತೂಕವೇ ಇಲ್ಲ. ಉಸಿರು ತಾಗಿದರೆ ಹಾರುವಷ್ಟು ಹಗುರ ಇಟ್ಟುಕೊಳ್ಳಬಹುದು. ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ ಗೆದ್ದದ್ದು ಆ ಆಟದಲ್ಲಿಯೇ. 2016ರ ರಿಯೋ ಒಲಿಂಪಿಕ್ಕಿನ ನಂತರ ಆ ಆಟವನ್ನು ಒಲಿಂಪಿಕ್ಕಿನಿಂದ ಕೈಬಿಟ್ಟರು. ಆಟ ಹೋಯಿತು, ಮಾತು ಉಳಿಯಿತು. 25 ಮೀಟರ್ ಪಿಸ್ತೂಲಿಗಂತೂ 1000 ಗ್ರಾಂ ಬೇಕು.

ಈಗ ನಮ್ಮ ಸದಸ್ಯರ ಪ್ರಶ್ನೆಗೆ ಬರೋಣ. ಸ್ಪ್ರಿಂಗು ಮುಟ್ಟದೆ ತೂಕ ಹೇಗೆ ಇಳಿಯಿತು?

ಟ್ರಿಗರ್ ಎಂಬುದು ಒಂದು ಸನ್ನೆಗೋಲು. ಮೇಲೆ ಒಂದು ಕೀಲು, ಕೆಳಗೆ ಬೆರಳು. ಬಾಗಿಲನ್ನು ತಿರುಗಣೆಯ ಹತ್ತಿರ ತಳ್ಳಿದರೆ ಭಾರ, ಅಂಚಿನಲ್ಲಿ ತಳ್ಳಿದರೆ ಹಗುರ. ಅದೇ ನ್ಯಾಯ ಇಲ್ಲಿಯೂ. ಲೆಕ್ಕಕ್ಕೆ ಸುಲಭವಾಗಲೆಂದು ಕೀಲಿನಿಂದ ಬೆರಳಿಡುವ ಜಾಗಕ್ಕೆ 30 ಮಿ.ಮೀ. ದೂರವಿದೆ, ಅಲ್ಲಿ 510 ಗ್ರಾಂ ಭಾರ ಬೇಕು ಎಂದಿಟ್ಟುಕೊಳ್ಳಿ. 510ನ್ನು 30ರಿಂದ ಗುಣಿಸಿದರೆ 15,300. ಒಳಗಿನ ಸ್ಪ್ರಿಂಗು ಕೇಳುವ ಬಲ ಇದು. ಸ್ಪ್ರಿಂಗು ಬದಲಾಗದಿದ್ದರೆ ಇದೂ ಬದಲಾಗುವುದಿಲ್ಲ. ಈಗ ಹೊಸ ತಗಡು ಹಾಕಿದಿರಿ. ಅದರ ಆಕಾರ ಬೇರೆ, ನಡುಭಾಗ 2 ಮಿ.ಮೀ. ಕೆಳಗೆ ಬಂತು, ದೂರ 32 ಆಯಿತು. 15,300ನ್ನು 32ರಿಂದ ಭಾಗಿಸಿ. ಬರುವುದು 478 ಗ್ರಾಂ. ಮೂವತ್ತೆರಡು ಗ್ರಾಂ ಮಾಯ! ಯಾರೂ ಕದಿಯಲಿಲ್ಲ, ಯಾರೂ ಮೋಸ ಮಾಡಲಿಲ್ಲ. ಎರಡು ಮಿಲಿಮೀಟರು ಕದ್ದಿತು.

ಈ ಲೆಕ್ಕವನ್ನು ನಾವು ವಾಚನಾಲಯದ ಹಳೆಯ ಪತ್ರಿಕೆಯ ಅಂಚಿನಲ್ಲಿ ಬರೆದು ತೋರಿಸಿದಾಗ ಆ ತಂದೆ ಆ ತುಂಡನ್ನು ಹರಿದು ಜೇಬಿನಲ್ಲಿಟ್ಟುಕೊಂಡರು. ಚಾಳಿನವರಿಗೆ ತೋರಿಸಬೇಕೆಂದಿರಬೇಕು. ವಾಚನಾಲಯದ ಪತ್ರಿಕೆ ಹರಿಯಕೂಡದೆಂಬ ನಿಯಮವನ್ನು ಆ ಹೊತ್ತಿನಲ್ಲಿ ನಾವು ನೆನಪಿಸಲಿಲ್ಲ.

ಪರೀಕ್ಷೆಯ ಕ್ರಮವನ್ನೂ ತಿಳಿದಿರಬೇಕು. ಪಿಸ್ತೂಲಿನ ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಕೊಕ್ಕೆ ಹೂಡಿ, ಪೆಲೆಟ್ಟಿಲ್ಲದೆ, ಆದರೆ ಗಾಳಿ ತುಂಬಿರುವಾಗ, ಸಮತಟ್ಟು ಮೇಜಿನ ಮೇಲಿರುವ ತೂಕವನ್ನು ಟ್ರಿಗರಿನ ನಡುಮಧ್ಯಕ್ಕೆ ಸಿಕ್ಕಿಸಿ ಮೆಲ್ಲಗೆ ಎತ್ತುತ್ತಾರೆ. ತೂಕ ಮೇಜು ಬಿಟ್ಟು ಮೇಲೆದ್ದರೂ ಕೊಕ್ಕೆ ಬಿಡದಿದ್ದರೆ ಪಾಸು. ಮೂರು ಸಲ ಪ್ರಯತ್ನಿಸಬಹುದು. ಆಟಕ್ಕೆ ಮುಂಚೆ ಸೋತರೆ ಸರಿಮಾಡಿಕೊಂಡು ಮತ್ತೆ ತರಬಹುದು. ಆಟದ ನಂತರದ ಚೀಟಿ ಪರೀಕ್ಷೆಯಲ್ಲಿ ಸೋತರೆ ಅಂಕವೆಲ್ಲ ಹೋಯಿತು. ಬೆಳಗಿನ ಮೇಜಿನಲ್ಲಿ ಐದು ನಿಮಿಷ ನಿಲ್ಲುವುದರ ಬೆಲೆ ಇಷ್ಟು.

ಇನ್ನು ಕೊಳ್ಳುವ ವಿಚಾರ. ಹೊರದೇಶದ ಹೊಸ ಸ್ಪರ್ಧಾ ಪಿಸ್ತೂಲಿಗೆ ಒಂದು ಲಕ್ಷಕ್ಕೂ ಮೇಲೆ ಬೀಳುತ್ತದೆ. ಸ್ಟೈಯರ್, ಮೊರೀನಿ, ವಾಲ್ಟರ್, ಫೈನ್‌ವೆರ್ಕ್‌ಬೌ, ಪಾರ್ದೀನಿ ಎಂಬ ಕಾರಖಾನೆಗಳ ಹೆಸರು ಮೈದಾನದಲ್ಲಿ ಕೇಳಿಬರುತ್ತವೆ. ಹೀಗಾಗಿ ಹಲವರು ಬಳಸಿದ ಪಿಸ್ತೂಲನ್ನು ಕೊಳ್ಳುತ್ತಾರೆ, ಇಲ್ಲವೆ ಕ್ಲಬ್ಬಿನದನ್ನು ಬಾಡಿಗೆಗೆ ಹಿಡಿಯುತ್ತಾರೆ. ಪ್ರಾವಿಡೆಂಟ್ ಫಂಡಿನಿಂದ ಸಾಲ ತೆಗೆದವರನ್ನೂ ನಾವು ಬಲ್ಲೆವು. ಪಿಸ್ತೂಲು ಕೈಗೆ ಬಂದ ಮೇಲೆ ಎರಡನೆಯ ಖರ್ಚು ಶುರುವಾಗುತ್ತದೆ: ಬೇರೆಯವರು ತಯಾರಿಸಿದ ತಗಡು, ಸ್ಪ್ರಿಂಗು, ತಿರುಪು, ಕೊಕ್ಕೆ. ಹುಡುಗ ಎಂಟು ಅಂಕದ ಗೆರೆ ದಾಟದಿದ್ದಾಗ ಇವುಗಳ ಜಾಹೀರಾತು ಬಹಳ ಚೆನ್ನಾಗಿ ಕಾಣುತ್ತದೆ.

ನಮ್ಮ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇವೆ. ಏನನ್ನಾದರೂ ಬದಲಾಯಿಸಲೇಬೇಕಾದರೆ ಬೆರಳಿಡುವ ತಗಡನ್ನು, ಎಂದರೆ ಬ್ಲೇಡನ್ನು ಬದಲಾಯಿಸಿ. ಅದೂ ಪಿಸ್ತೂಲಿನಲ್ಲಿ ಈಗಾಗಲೇ ಇರುವ ತಿರುಪುಗಳಿಂದ ಕೆಲಸ ಆಗದು ಎಂದು ತರಬೇತುದಾರರು ಹೇಳಿದ ಮೇಲೆ. ಸ್ಪರ್ಧೆಯ ಪಿಸ್ತೂಲಿನಲ್ಲಿ ಬ್ಲೇಡನ್ನು ಮುಂದೆ ಹಿಂದೆ ಸರಿಸಲು, ಎಡಕ್ಕೆ ಬಲಕ್ಕೆ ವಾಲಿಸಲು, ಮೊದಲ ಹಂತದ ಉದ್ದ, ಎರಡೂ ಹಂತದ ಭಾರ, ಕೊಕ್ಕೆ ಬಿಟ್ಟ ಮೇಲೆ ಬೆರಳು ಎಲ್ಲಿ ನಿಲ್ಲಬೇಕು ಎಂಬುದು, ಹೀಗೆ ಹಲವಕ್ಕೆ ಕಾರಖಾನೆಯವರೇ ತಿರುಪು ಇಟ್ಟಿರುತ್ತಾರೆ. ಅವುಗಳ ಹೆಸರು ಕೂಡ ಗೊತ್ತಿಲ್ಲದೆ ಹೊಸ ಸಾಮಾನು ಕೊಳ್ಳುವವರೇ ಹೆಚ್ಚು. ಪಿಸ್ತೂಲಿನ ಜೊತೆ ಬಂದ ಕೈಪಿಡಿಯನ್ನು ಒಮ್ಮೆ ಪೂರ್ತಿ ಓದಿದರೆ ಅರ್ಧ ಖರ್ಚು ಉಳಿಯುತ್ತದೆ.

ಬ್ಲೇಡು ಆರಿಸುವಾಗ ಕೈಯನ್ನು ನೋಡಬೇಕು, ಚಿತ್ರವನ್ನಲ್ಲ. ಹಿಡಿಯನ್ನು ಸರಿಯಾಗಿ ಹಿಡಿದು ಕಣ್ಣು ಮುಚ್ಚಿ ಬೆರಳಿಟ್ಟರೆ, ತೋರುಬೆರಳಿನ ಮೊದಲ ಗಿಣ್ಣಿನ ಮೆತ್ತನೆಯ ನಡುಭಾಗ ಬ್ಲೇಡಿನ ಮೇಲೆ ಕೂರಬೇಕು. ಬೆರಳು ನೇರ ಹಿಂದಕ್ಕೆ ಚಲಿಸಬೇಕು. ಬೆರಳಿನ ಬೇರೆ ಭಾಗ ಹಿಡಿಯ ಮರಕ್ಕೆ ತಾಗಬಾರದು. ಚಿಕ್ಕ ಕೈಯ ಹುಡುಗಿಗೆ ಬ್ಲೇಡು ದೂರವಾದರೆ ಬೆರಳ ತುದಿಯಿಂದ ಎಳೆಯುತ್ತಾಳೆ, ಗುಂಡು ಪಕ್ಕಕ್ಕೆ ಹೋಗುತ್ತದೆ. ಇಂಥಲ್ಲಿ ಬ್ಲೇಡಿಗಿಂತ ಹಿಡಿಯ ಅಳತೆಯೇ ತಪ್ಪಾಗಿರುವುದುಂಟು. ಹಿಡಿಯನ್ನು ಸರಿಪಡಿಸದೆ ಬ್ಲೇಡಿಗೆ ದುಡ್ಡು ಹಾಕುವುದು ಚಪ್ಪಲಿ ಕಚ್ಚುತ್ತದೆಂದು ಕಾಲುಚೀಲ ಬದಲಾಯಿಸಿದ ಹಾಗೆ. ಬ್ಲೇಡು ಚಪ್ಪಟೆಯೋ ಬಾಗಿದ್ದೋ ಎಂಬುದು ರುಚಿಯ ಮಾತು. ನಿಮ್ಮ ಪಿಸ್ತೂಲಿನ ಅದೇ ಮಾದರಿಗೆ ಮಾಡಿದ್ದೋ ಅಲ್ಲವೋ ಎಂಬುದು ರುಚಿಯ ಮಾತಲ್ಲ. 'ಎಲ್ಲದಕ್ಕೂ ಹೊಂದುತ್ತದೆ' ಎಂದು ಬರೆದಿದ್ದನ್ನು ತರಬೇಡಿ. ಕೂರುವ ತೋಡಿನಲ್ಲಿ ಕೂದಲೆಳೆಯಷ್ಟು ಅಲುಗಾಟವಿದ್ದರೂ ಆ ಅಲುಗಾಟ ಗುರಿಹಲಗೆಯ ಮೇಲೆ ಕಾಣುತ್ತದೆ.

ಕೂರಿಸುವ ಕೆಲಸ ಹೆಚ್ಚಿನದಲ್ಲ, ಆದರೆ ಗಡಿಬಿಡಿಯಲ್ಲಿ ಆಗತಕ್ಕದ್ದಲ್ಲ. ಮೊದಲು ಪೆಲೆಟ್ಟು ಇಲ್ಲವೆಂದು ಕಣ್ಣಿಂದ ನೋಡಿ, ಗಾಳಿಯ ಸಿಲಿಂಡರನ್ನು ಬಿಚ್ಚಿಡಿ. ನಳಿಗೆಯಲ್ಲಿ ಕೇಸರಿ ಬಣ್ಣದ ಸುರಕ್ಷಾ ದಾರ ತೂರಿಸಿಡಿ. ಮೈದಾನದಲ್ಲಿ ಅದು ಹೇಗೂ ಕಡ್ಡಾಯ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಕೂರುವುದು ಲೇಸು. ಒಂದೇ ಕೋಣೆಯ ಮನೆಯಲ್ಲಿ ನಳಿಗೆ ಯಾವ ದಿಕ್ಕಿಗೂ ತೋರದಂತೆ ಹಿಡಿಯುವುದು ಕಷ್ಟ, ಆದರೂ ಯಾರ ಕಡೆಗೂ ತೋರಕೂಡದು. ಕೆಳಗೆ ಬಿಳಿ ಪಂಚೆ ಹಾಸಿ. ಚಿಕ್ಕ ತಿರುಪು ಬಿದ್ದರೆ ಕಾಣುತ್ತದೆ.

ಹಳೆಯ ಬ್ಲೇಡು ಎಲ್ಲಿತ್ತು, ಎಷ್ಟು ವಾಲಿತ್ತು ಎಂದು ಫೋನಿನಲ್ಲಿ ಚಿತ್ರ ತೆಗೆದು, ಸಣ್ಣ ಸ್ಕೇಲಿನಿಂದ ಅಳೆದು ಬರೆದಿಡಿ. ಕೈಪಿಡಿ ಹೇಳಿದ ಅಳತೆಯ ಅಲೆನ್ ಕೀಲಿಯನ್ನೇ ಬಳಸಿ. ಸವೆದ ಕೀಲಿಯಿಂದ ತಿರುಪಿನ ತಲೆ ಉರುಟಾದರೆ ಆಮೇಲೆ ರಿಪೇರಿಯವನ ಬಾಗಿಲೇ ಗತಿ. ಹೊಸ ಬ್ಲೇಡು ಹಾಕಿ, ಹಿತವಾಗಿ ಬಿಗಿ ಮಾಡಿ. ಬಲ ಪ್ರದರ್ಶನ ಬೇಡ, ಬ್ಲೇಡು ಅಲ್ಯೂಮಿನಿಯಮ್ಮಿನದಾದರೆ ಮರೆ ಸವೆಯುತ್ತದೆ. ಇದಾದ ಮೇಲೆ ಮೊದಲ ಕೆಲಸ ಗುರಿಯಿಡುವುದಲ್ಲ, ತೂಕ ನೋಡುವುದು. ಸಿಲಿಂಡರು ಹಾಕಿ ತೂಕ ನೋಡುವ ಕೆಲಸ ಮಾತ್ರ ಮನೆಯಲ್ಲಿ ಬೇಡ. ಮೈದಾನದಲ್ಲಿ, ಗುರಿಹಲಗೆಯ ಕಡೆಗೆ ತಿರುಗಿ ಮಾಡಿ.

ಕಡಿಮೆ ಬಂದರೆ ಭಾರದ ತಿರುಪನ್ನು ಕಾಲು ಸುತ್ತು ತಿರುಗಿಸಿ ಮತ್ತೆ ತೂಗಿ. ಒಮ್ಮೆಗೆ ಒಂದೇ ತಿರುಪು. ಎರಡನ್ನು ಕೂಡಿ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂದು ಬ್ರಹ್ಮನಿಗೂ ತಿಳಿಯದು. ಎಷ್ಟು ಸುತ್ತು, ಯಾವ ಕಡೆಗೆ ಎಂದು ನೋಟುಬುಕ್ಕಿನಲ್ಲಿ ಬರೆಯುತ್ತ ಹೋಗಿ. ಸರಿಯಾಗಿ 500ಕ್ಕೆ ನಿಲ್ಲಿಸಬೇಡಿ. 510, 520 ಇರಲಿ. ಮೈದಾನದ ತೂಕಕ್ಕೂ ನಿಮ್ಮ ತೂಕಕ್ಕೂ ಒಂದೆರಡು ಗ್ರಾಂ ವ್ಯತ್ಯಾಸವಿದ್ದೀತು, ತಿರುಪು ಕೊಂಚ ಸಡಿಲಿದ್ದೀತು. ಇಪ್ಪತ್ತು ಗ್ರಾಮಿನ ಭೇದವನ್ನು ಬೆರಳು ಒಂದು ವಾರದಲ್ಲಿ ಮರೆಯುತ್ತದೆ. ಇಪ್ಪತ್ತು ಸಲ ತೂಗಿ ಇಪ್ಪತ್ತು ಸಲವೂ ಎತ್ತಿದರೆ ನಂಬಬಹುದು. ಗಿರಣಿಯಲ್ಲಿ ನೂಲಿನ ಲಡಿಯನ್ನು ಒಂದೇ ಸಲ ತೂಗಿ ಯಾರೂ ನಂಬರು ಬರೆಯುವುದಿಲ್ಲ, ಇಲ್ಲಿಯೂ ಹಾಗೆಯೇ.

ಇನ್ನೊಂದು ಪರೀಕ್ಷೆ: ಪೆಲೆಟ್ಟಿಲ್ಲದೆ ಕೊಕ್ಕೆ ಹೂಡಿ, ಬೆರಳು ಹೊರಗಿಟ್ಟು, ಹಿಡಿಯನ್ನು ಇನ್ನೊಂದು ಅಂಗೈಯಿಂದ ನಾಲ್ಕಾರು ಸಲ ತಟ್ಟಿ ನೋಡಿ. ಕೊಕ್ಕೆ ತಾನಾಗಿ ಬಿಟ್ಟರೆ ಆ ಪಿಸ್ತೂಲನ್ನು ಆ ದಿನ ಆಟಕ್ಕೆ ಒಯ್ಯಬೇಡಿ.

ಇಲ್ಲಿಗೇ ನಮ್ಮಂಥವರ ಕೈಗೆಲಸ ಮುಗಿಯಿತು. ಕೊಕ್ಕೆಯನ್ನು ಅರದಿಂದ ಉಜ್ಜುವುದು, ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸುವುದು, ಇವನ್ನು ಮಾಡಿಸಿಕೊಂಡು ಹಗುರವಾಯಿತೆಂದು ಹಿಗ್ಗುವವರಿದ್ದಾರೆ. ಕೊಕ್ಕೆಯ ಮೇಲೆ ಗಟ್ಟಿ ಮಾಡಿದ ತೆಳುಪದರವಿರುತ್ತದೆ. ಅದು ಹೋದರೆ ಒಳಗಿನ ಮೆದು ಲೋಹ ದಿನದಿನಕ್ಕೆ ಸವೆದು, ಇಂದು 510 ಇದ್ದದ್ದು ಮುಂದಿನ ತಿಂಗಳು ಎಷ್ಟೋ! ಅದಕ್ಕಿಂತ ಕೆಟ್ಟದ್ದೆಂದರೆ ಬೆರಳಿಲ್ಲದೆ ಹಾರುವ ಪಿಸ್ತೂಲು. ವಿದ್ಯುತ್ ಟ್ರಿಗರಿನ ಪಿಸ್ತೂಲುಗಳ ಒಳಗನ್ನೂ ಮನೆಯಲ್ಲಿ ತೆರೆಯತಕ್ಕದ್ದಲ್ಲ. ಅವಕ್ಕೆ ನಾವು ಮಾಡಬಹುದಾದ ಸೇವೆ ಹೊಸ ಬ್ಯಾಟರಿ ಹಾಕುವುದು, ಇನ್ನೊಂದನ್ನು ಪೆಟ್ಟಿಗೆಯಲ್ಲಿಡುವುದು. ಗುಂಡು ಹಾರಿಸುವ ಪರವಾನಗಿಯ ಪಿಸ್ತೂಲಾದರೆ ಟ್ರಿಗರಿನ ಯಾವ ಭಾಗವನ್ನೂ ಪರವಾನಗಿ ಪಡೆದ ರಿಪೇರಿಯವನೇ ಮುಟ್ಟಬೇಕು. ಅಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆ ಇದೆ. 4.5 ಮಿ.ಮೀ. ಮೀರದ, 20 ಜೂಲಿಗಿಂತ ಹೆಚ್ಚು ಬಲವಿಲ್ಲದ ಗಾಳಿ ಪಿಸ್ತೂಲಿಗೆ ಪರವಾನಗಿ ಬೇಡವೆಂದು 2016ರ ನಿಯಮಗಳಲ್ಲಿದೆ. ಆದರೂ ಲೋಕಲಿನಲ್ಲಿ ಒಯ್ಯುವಾಗ ಬೀಗ ಹಾಕಿದ ಪೆಟ್ಟಿಗೆ, ಖರೀದಿಯ ರಸೀದಿ, ಕ್ಲಬ್ಬಿನ ಗುರುತುಚೀಟಿ ಜೊತೆಗಿರಲಿ. ಪೆಟ್ಟಿಗೆ ತೆರೆದು ಗೆಳೆಯರಿಗೆ ತೋರಿಸುವ ಜಾಗ ಕಲ್ಯಾಣ ಸ್ಟೇಶನ್ನಿನ ಸೇತುವೆಯಲ್ಲ.

ಎಲ್ಲ ಸರಿಯಿದ್ದೂ ಯಂತ್ರ ಕೈಕೊಡುವುದುಂಟು ಎಂಬುದಕ್ಕೆ ದೊಡ್ಡವರ ಉದಾಹರಣೆಯೇ ಇದೆ. 2021ರ ಜುಲೈ 25ರಂದು ಟೋಕಿಯೋ ಒಲಿಂಪಿಕ್ಕಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟಿತು. ಹೊರಗೆ ಹೋಗಿ ಸರಿಪಡಿಸಿಕೊಂಡು ಬರುವಷ್ಟರಲ್ಲಿ ಗಡಿಯಾರ ನಿಲ್ಲಲಿಲ್ಲ. ಉಳಿದ ಗುಂಡುಗಳನ್ನು ಅವಸರದಲ್ಲಿ ಹೊಡೆದೂ 575 ಅಂಕ ಪಡೆದರು. ಅಂತಿಮ ಸುತ್ತಿಗೆ ಎರಡು ಅಂಕ ಸಾಲಲಿಲ್ಲ. ಆಗ ಅವರಿಗೆ ಹತ್ತೊಂಬತ್ತು ವರ್ಷ. ಮೂರು ವರ್ಷದ ನಂತರ, 2024ರಲ್ಲಿ ಪ್ಯಾರಿಸ್ಸಿನಲ್ಲಿ ಅದೇ ಹತ್ತು ಮೀಟರ್ ಆಟದಲ್ಲಿ ಎರಡು ಕಂಚು ಗೆದ್ದರು, ಒಂದು ತಾವೊಬ್ಬರೇ, ಇನ್ನೊಂದು ಸರಬ್‌ಜೋತ್ ಸಿಂಗರೊಡನೆ. ನಮ್ಮ ಸದಸ್ಯರ ಮಗಳಿಗೆ ಈ ಸಂಗತಿ ನಮಗಿಂತ ಮೊದಲೇ ಬಾಯಿಪಾಠವಾಗಿತ್ತು. ಅವಳು ಹಳೆಯ ಬ್ಲೇಡನ್ನೇ ಮತ್ತೆ ಹಾಕಿಕೊಂಡು ಅಭ್ಯಾಸಕ್ಕೆ ಹೋಗುತ್ತಿದ್ದಾಳೆ. ಹೊಸದು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯ ಮೂಲೆಯಲ್ಲಿದೆಯಂತೆ.

ಕೊನೆಗೆ ಆ ತೂಕದ ಕಲ್ಲಿನ ವಿಷಯ. ನಮ್ಮಲ್ಲೊಬ್ಬರು ಹಿತ್ತಾಳೆಯ ದಂಡದಿಂದ ಕೊಕ್ಕೆ ಸಹಿತ ಸರಿಯಾಗಿ 500 ಗ್ರಾಮಿನದೊಂದನ್ನು ಕಡೆದು, ಮುದ್ರೆಯಿರುವ ತಕ್ಕಡಿಯಲ್ಲಿ ತೂಗಿಸಿ ತಂದುಕೊಟ್ಟಿದ್ದಾರೆ. ಅದು ವಾಚನಾಲಯದ ಎರಡನೆಯ ಕಪಾಟಿನಲ್ಲಿ, ಶಬ್ದಕೋಶಗಳ ಪಕ್ಕದಲ್ಲಿದೆ. ಬೇಕಾದವರು ಪುಸ್ತಕದ ರಿಜಿಸ್ಟರಿನಲ್ಲೇ ಸಹಿ ಮಾಡಿ ಒಂದು ವಾರದ ಮಟ್ಟಿಗೆ ಒಯ್ಯಬಹುದು. ಪಿಸ್ತೂಲನ್ನು ಮಾತ್ರ ವಾಚನಾಲಯಕ್ಕೆ ತರಬಾರದಾಗಿ ವಿನಂತಿ.